ಹಿಮ್ಮಡಿ ಕೂತಿದೆಯಾ?

ನಮಸ್ಕಾರ. ಟೊರೊಂಟೊ, ಮಿಸಿಸಾಗಾ, ಬ್ರಾಂಪ್ಟನ್, ಮಿಲ್ಟನ್, ಎಲ್ಲೆಲ್ಲಿ ಕೇಳುತ್ತಿದ್ದೀರೋ ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಾ ಕೇಳುತ್ತಿರುವವರು ಇರುತ್ತೀರಿ. ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಡಿಕ್ಕಿಯಲ್ಲಿ ದೊಡ್ಡ ಹಾಕಿ ಬ್ಯಾಗ್ ತುಂಬಿಕೊಂಡು ಐಸ್ ಹಾಕಿ ಆಡುವ ರಿಂಕಿಗೆ ಓಡುತ್ತಿರುವವರೂ ಇರುತ್ತೀರಿ. ಇವತ್ತಿನ ಮಾತು ಈ ಎರಡನೆಯವರಿಗೆ. ದೋಸೆಯವರೂ ಕೇಳಿ, ಮುಂದೆ ಬೇಕಾಗುತ್ತದೆ.

ನಾನು ವಾರವಿಡೀ ಕಂಪ್ಯೂಟರ್ ಮುಂದೆ ಕೂರುವವನು. ಶನಿವಾರ ಮಾತ್ರ ಒಂದು ಸ್ಕೇಟ್ ಅಂಗಡಿಯಲ್ಲಿ ಕೆಲಸ. ಸ್ಕೇಟ್ ಅಂದರೆ ಐಸ್ ಮೇಲೆ ಜಾರಲು ತೊಡುವ, ತಳದಲ್ಲಿ ಬ್ಲೇಡ್ ಇರುವ ಬೂಟು. ಬ್ಲೇಡಿಗೆ ಸಾಣೆ ಹಿಡಿಯುತ್ತೇನೆ, ಬೂಟು ತೊಡಿಸಿ ಅಳತೆ ನೋಡುತ್ತೇನೆ. ನವೆಂಬರ್ ಬಂತು ಅಂದರೆ ನಮ್ಮ ಜನ ಬರಲು ಶುರು. ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ. "ಒಂದೆರಡು ನಂಬರ್ ದೊಡ್ಡದೇ ಕೊಡಿ ಸಾರ್, ಮಗು ಬೆಳೀತಾ ಇದೆ, ಮುಂದಿನ ವರ್ಷಕ್ಕೂ ಆಗುತ್ತೆ."

ಬೇಡ. ದಯವಿಟ್ಟು ಬೇಡ. ನನಗೆ ಕೊಟ್ಟಿರುವುದು 12 ನಿಮಿಷ. ಅಷ್ಟರಲ್ಲಿ ನೀವು ಒಂದು ಮಾತು ನೆನಪಿಟ್ಟುಕೊಂಡರೆ ನನ್ನ ಕೆಲಸ ಆಯಿತು. ಬೂಟಿನೊಳಗೆ ಹಿಮ್ಮಡಿ ಕೂರಬೇಕು. ಅಲುಗಬಾರದು, ಏಳಬಾರದು. ಹಿಮ್ಮಡಿ ಕೂತರೆ ಸ್ಕೇಟ್ ಸರಿ. ಕೂರದಿದ್ದರೆ ಅದು 100 ಡಾಲರಿನದಾಗಲಿ, 1000 ಡಾಲರಿನದಾಗಲಿ, ಸುಮ್ನೆ.

ಯಾಕೆ ಅಂತ ಹೇಳುತ್ತೇನೆ. ಮಾಮೂಲಿ ಶೂನಲ್ಲಿ ನಡೆಯುವಾಗ ಇಡೀ ಪಾದ ನೆಲಕ್ಕೆ ತಾಗುತ್ತದೆ. ಸ್ಕೇಟಿನಲ್ಲಿ ನಿಮ್ಮ ಭಾರವೆಲ್ಲ ನಿಲ್ಲುವುದು ಒಂದು ಬೆರಳಿನಷ್ಟೂ ಅಗಲವಿಲ್ಲದ ಬ್ಲೇಡಿನ ಮೇಲೆ. ತಿರುಗಬೇಕಾದರೆ ಆ ಬ್ಲೇಡನ್ನು ಓರೆ ಮಾಡಬೇಕು, ನಿಲ್ಲಬೇಕಾದರೆ ಅಡ್ಡ ಹಾಕಬೇಕು. ಕಾಲು ಹೇಳಿದ್ದನ್ನು ಬ್ಲೇಡ್ ಕೇಳಬೇಕಾದರೆ ನಡುವೆ ಇರುವ ಬೂಟು ಕಾಲಿನ ಜೊತೆಗೇ ಅಲುಗಬೇಕು. ಹಿಮ್ಮಡಿ ಸಡಿಲ ಇದ್ದರೆ ಕಾಲು ಒಂದು ಕಡೆ, ಬೂಟು ಇನ್ನೊಂದು ಕಡೆ. ಮಗು ಬೀಳುತ್ತದೆ, ನಾವು "ಪಾಪ, ಕಾಲಲ್ಲಿ ಶಕ್ತಿ ಇಲ್ಲ" ಅನ್ನುತ್ತೇವೆ.

ಹೀಗೆ ಅಂದವರಲ್ಲಿ ನಾನೂ ಒಬ್ಬ. ಆ ಕತೆ ಹೇಳಿಬಿಡುತ್ತೇನೆ.

ನಮ್ಮೂರು ಗೋಣಿಕೊಪ್ಪದ ಹತ್ತಿರ. ಕೊಡಗಿನವನು ಅಂದಮೇಲೆ ಹಾಕಿ ರಕ್ತದಲ್ಲೇ ಇದೆ ಅಂತ ಎಲ್ಲರೂ ತಿಳಿಯುತ್ತಾರೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ನಾನು ಕಾಲೇಜು ಹುಡುಗ. ನಾನೂ ಆಡಿದವನೇ. ಆದರೆ ಅದು ನೆಲದ ಮೇಲಿನ ಹಾಕಿ. ಕಾಲಿಗೆ ಯಾವುದೋ ಕ್ಯಾನ್ವಾಸ್ ಶೂ ಇದ್ದರೆ ಸಾಕಿತ್ತು. ಅದೇ ಧೈರ್ಯದಲ್ಲಿ, 2009ರ ಚಳಿಗಾಲದಲ್ಲಿ, ಏಳು ವರ್ಷದ ಮಗಳಿಗೆ ಮೊದಲ ಐಸ್ ಹಾಕಿ ಸ್ಕೇಟ್ ತಂದೆ. ಸ್ಕೂಲ್ ಶೂ ನಂಬರ್ ನೋಡಿದೆ, ಅದರ ಮೇಲೆ ಒಂದು ಸೇರಿಸಿದೆ. ಅಂಗಡಿಯವರೂ ಬೇಡ ಅನ್ನಲಿಲ್ಲ. ಅಂಗಡಿ ಹೆಸರು ಕೇಳಬೇಡಿ, ತಪ್ಪು ನನ್ನದೂ ಅರ್ಧ ಇದೆ.

ಮೊದಲ ದಿನವೇ ಅವಳ ಎರಡೂ ಕಾಲು ಗಿಣ್ಣಿನ ಹತ್ತಿರ ಒಳಗೆ ವಾಲಿದವು. ಬೇರೆ ಮಕ್ಕಳು ಸರ್ರನೆ ಹೋಗುತ್ತಿದ್ದರೆ ಇವಳು ಗೋಡೆ ಹಿಡಿದುಕೊಂಡು ನಿಂತಳು. ನಾನು ಏನು ಮಾಡಿದೆ? ಲೇಸ್ ಬಿಗಿದೆ. ಮತ್ತೆ ವಾಲಿತು, ಇನ್ನೂ ಬಿಗಿದೆ. ಗಿಣ್ಣಿಗೆ ಪಟ್ಟಿ ಸುತ್ತಿದೆ. ಕೊನೆಗೆ ಎಷ್ಟು ಬಿಗಿದೆ ಅಂದರೆ ಮಗುವಿನ ಪಾದದ ಮೇಲ್ಭಾಗ ಕೆಂಪಾಗಿ, ಜೋಮು ಹಿಡಿದು, ಅಳು ಶುರುವಾಯಿತು. ಇದಕ್ಕೆ ಇಲ್ಲಿನವರು ಲೇಸ್ ಬೈಟ್ ಅನ್ನುತ್ತಾರೆ. ಲೇಸು ಗಿಣ್ಣಿನ ಮುಂದಿನ ಸ್ನಾಯುರಜ್ಜುಗಳ ಮೇಲೆ ಒತ್ತಿ ಆಗುವ ನೋವು. ಮಗಳು ಹಾಕಿ ಬೇಡ ಅಂದಳು. ನಾನು ಸೋಮಾರಿ ಅಂತ ಬೈದೆ. ಈಗ ನೆನೆಸಿಕೊಂಡರೆ ನಾಚಿಕೆ.

ಡಿಸೆಂಬರಿನಲ್ಲಿ ಊರಿಂದ ಅವ್ವ ಬಂದರು. ಮೊಮ್ಮಗಳಿಗೆ ಅಂತ ದಪ್ಪ ಉಲ್ಲನ್ನಿನ ಎರಡು ಜೊತೆ ಕಾಲುಚೀಲ ಹೆಣೆದು ತಂದಿದ್ದರು. ಅದನ್ನೇ ತೊಡಿಸಿ, ಅದರ ಮೇಲೆ ಸ್ಕೇಟ್ ಹಾಕಿ, ಮನೆಯ ಕಾರ್ಪೆಟ್ ಮೇಲೆ ಅಜ್ಜಿಗೆ ತೋರಿಸಲು ಮಗಳನ್ನು ನಿಲ್ಲಿಸಿದೆ. ಬ್ಲೇಡಿಗೆ ಪ್ಲಾಸ್ಟಿಕ್ ಗಾರ್ಡ್ ಹಾಕಿದ್ದೆ, ಆ ಬುದ್ಧಿ ಮಾತ್ರ ಇತ್ತು. ಅವ್ವ ಸ್ವಲ್ಪ ಹೊತ್ತು ನೋಡಿದರು. ಕೆಳಗೆ ಕೂತು ಬೂಟನ್ನು ಎರಡೂ ಕೈಯಲ್ಲಿ ಹಿಡಿದು, "ಕಾಲು ಎತ್ತು ಮಗಾ" ಅಂದರು. ಕಾಲು ಎದ್ದಿತು. ಬೂಟು ಅವರ ಕೈಯಲ್ಲೇ ಉಳಿಯಿತು. ಪೂರ್ತಿ ಕಳಚಿಕೊಳ್ಳಲಿಲ್ಲ, ಆದರೆ ಹಿಮ್ಮಡಿ ಒಂದು ಇಂಚಿನಷ್ಟು ಮೇಲೆ ಬಂದಿದ್ದು ನನಗೂ ಕಂಡಿತು. ಲೇಸ್ ಬಿಚ್ಚಿ ಹಿಂದಿನಿಂದ ಬೆರಳು ತೂರಿಸಿದರು. ಅಷ್ಟು ದಪ್ಪ ಕಾಲುಚೀಲ ಇದ್ದರೂ ಎರಡು ಬೆರಳು ಸಲೀಸಾಗಿ ಹೋದವು.

"ಇದೇನು ಬೂಟೋ, ಬಳ್ಳವೋ?" ಅಂದರು. ಬತ್ತ ಅಳೆಯುವ ಬಳ್ಳ. ಅವರು ಹೇಳಿದ್ದು ಕೊಡವ ತಕ್ಕ್‌ನಲ್ಲಿ, ನಿಮಗೋಸ್ಕರ ಕನ್ನಡದಲ್ಲಿ ಹೇಳುತ್ತಿದ್ದೇನೆ. ಆಮೇಲೆ ಗಂಬೂಟಿನ ಮಾತು ತೆಗೆದರು. ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರಿಗೆ ಗೊತ್ತು. ಗಂಬೂಟು ದೊಡ್ಡದಾದರೆ ಬೂಟು ಕೆಸರಿನಲ್ಲೇ ಉಳಿಯುತ್ತದೆ, ಕಾಲು ಮಾತ್ರ ಮೇಲೆ ಬರುತ್ತದೆ, ಮನುಷ್ಯ ಮುಗ್ಗರಿಸುತ್ತಾನೆ. "ನಿನಗೆ ಇದು ಗೊತ್ತಿರಲಿಲ್ಲವಾ? ಮಗುವಿಗೆ ಬೈತಿದ್ದೀಯಲ್ಲ" ಅಂದರು. ಐಸ್ ರಿಂಕ್ ಅಂದರೆ ಏನು ಅಂತ ಕಂಡೇ ಇರದ ಹೆಂಗಸು, ನೋಡಿ.

ಮಾರನೇ ದಿನ ಬೇರೆ ಅಂಗಡಿಗೆ ಹೋದೆವು. ಅಲ್ಲಿನವರು ಮಗಳನ್ನು ನಿಲ್ಲಿಸಿ, ಲೋಹದ ಹಲಗೆಯ ಮೇಲೆ ಪಾದ ಅಳೆದರು. ಕೂತಾಗಲ್ಲ, ನಿಂತಾಗ. ಭಾರ ಬಿದ್ದಾಗ ಪಾದ ಉದ್ದ ಆಗುತ್ತದೆ, ಅಗಲವೂ ಆಗುತ್ತದೆ. ಕೊಟ್ಟದ್ದು ಸ್ಕೂಲ್ ಶೂಗಿಂತ ಒಂದು ನಂಬರ್ ಚಿಕ್ಕದು! ಅಂದರೆ ನಾನು ತಂದಿದ್ದಕ್ಕಿಂತ ಎರಡು ನಂಬರ್ ಕಡಿಮೆ. ಎರಡು ವರ್ಷ ಬರಲಿ ಅಂತ ತಂದದ್ದು ಎರಡು ತಿಂಗಳೂ ಬರಲಿಲ್ಲ. ಅವ್ವನ ಕಾಲುಚೀಲ ಹೊಸ ಬೂಟಿನೊಳಗೆ ಹಿಡಿಸಲಿಲ್ಲ. ಅದಕ್ಕೆ ಅವರು ಎರಡು ದಿನ ಮುನಿಸಿಕೊಂಡರು, ಅದು ಬೇರೆ ಕತೆ. ಮಗಳು ಆಮೇಲೆ ಆರು ವರ್ಷ ಹೌಸ್ ಲೀಗ್, ಅಂದರೆ ಇಲ್ಲಿನ ಸ್ಥಳೀಯ ಮಕ್ಕಳ ಲೀಗ್, ಆಡಿದಳು. ನಾನು ಆ ಅಂಗಡಿಯಲ್ಲೇ ಕೆಲಸ ಕೇಳಿಕೊಂಡು ಸೇರಿದೆ.

ಅಯ್ಯೋ, ಗಡಿಯಾರ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಆಗಿಹೋಗಿದೆ. ಇರಲಿ, ಬೇಕಾದ್ದನ್ನು ಬೇಗ ಹೇಳುತ್ತೇನೆ.

ಅಂಗಡಿಗೆ ಹೋದಾಗ ಶೂ ನಂಬರ್ ಮರೆತುಬಿಡಿ. ಹಾಕಿ ಸ್ಕೇಟ್ ಸಾಮಾನ್ಯವಾಗಿ ಶೂಗಿಂತ ಒಂದು, ಒಂದೂವರೆ ನಂಬರ್ ಚಿಕ್ಕದಿರುತ್ತದೆ. ಅಗಲವೂ ಬೇರೆ ಬೇರೆ ಬರುತ್ತದೆ. ಬಾವರ್ ಕಂಪನಿಯದಾದರೆ ಫಿಟ್ 1, 2, 3 ಅಂತ. ಸಿಸಿಎಮ್ ಆದರೆ ಟೇಪರ್ಡ್, ರೆಗ್ಯುಲರ್, ವೈಡ್ ಅಂತ. ಚಪ್ಪಲಿ ಹಾಕಿ ಬೆಳೆದ ನಮ್ಮಂಥವರ ಕಾಲು ಮುಂದೆ ಹರಡಿಕೊಂಡಿರುತ್ತದೆ, ಅಂಗಡಿಯಲ್ಲಿ ಪ್ರತಿ ಶನಿವಾರವೂ ನೋಡುತ್ತೇನೆ. ಮುಂದೆ ಬಿಗಿ ಆಯಿತು ಅಂತ ನಂಬರ್ ಏರಿಸಬೇಡಿ. ಅಗಲದ್ದು ಕೇಳಿ. ನಂಬರ್ ಏರಿಸಿದರೆ ಮೊದಲು ಸಡಿಲ ಆಗುವುದು ಯಾವುದು? ಹಿಮ್ಮಡಿ.

ಬೂಟು ತೊಡುವಾಗ ಲೇಸ್ ಪೂರ್ತಿ ಸಡಿಲಿಸಿ. ಕಾಲು ಇಳಿಸಿ, ಬ್ಲೇಡಿನ ಹಿಂತುದಿಯನ್ನು ರಬ್ಬರ್ ನೆಲಕ್ಕೆ ಎರಡು ಸಲ ಕುಟ್ಟಿ. ಹಿಮ್ಮಡಿ ಹಿಂದಕ್ಕೆ ಹೋಗಿ ತನ್ನ ಗುಂಡಿಯಲ್ಲಿ ಕೂರುತ್ತದೆ. ಆಮೇಲೆ ಲೇಸ್ ಕಟ್ಟಿ. ಈಗ ಮಗು ನೆಟ್ಟಗೆ ನಿಂತರೆ "ಬೆರಳು ಮುಂದೆ ತಾಗ್ತಿದೆ" ಅನ್ನುತ್ತದೆ. ಇಲ್ಲೇ ಅಪ್ಪ ಅಮ್ಮಂದಿರು ಗಾಬರಿ ಆಗಿ ದೊಡ್ಡದು ಕೇಳುವುದು. ತಡೆಯಿರಿ. ಮಂಡಿ ಬಗ್ಗಿಸಲು ಹೇಳಿ. ಸ್ಕೇಟ್ ಮಾಡುವುದು ಮಂಡಿ ಬಗ್ಗಿಸಿಕೊಂಡೇ ಅಲ್ವಾ? ಬಗ್ಗಿಸಿದಾಗ ಪಾದ ಹಿಂದೆ ಸರಿದು, ಬೆರಳು ಬಿಡುಗಡೆ ಆಗಬೇಕು. ನಿಂತಾಗ ಸವರಿದ ಹಾಗೆ ತಾಗಬೇಕು, ಬಗ್ಗಿದಾಗ ಬಿಡಬೇಕು. ಬಗ್ಗಿದಾಗಲೂ ಬೆರಳು ಮಡಚಿಕೊಂಡಿದ್ದರೆ ಮಾತ್ರ ಚಿಕ್ಕದಾಯಿತು ಅಂತ ಅರ್ಥ.

ಇನ್ನೊಂದು, ಪೆನ್ಸಿಲ್ ಪರೀಕ್ಷೆ. ಲೇಸ್ ಸಡಿಲ ಇರುವಾಗ, ಮೇಲಿನಿಂದ ಮೂರನೆಯ ಲೇಸ್ ತೂತಿನ ಹತ್ತಿರ, ಬೂಟಿನ ಎರಡೂ ಅಂಚಿಗೆ ಅಡ್ಡಲಾಗಿ ಒಂದು ಪೆನ್ಸಿಲ್ ಇಡಿ. ಬೂಟಿನ ನಾಲಿಗೆಯನ್ನು, ಅಂದರೆ ಲೇಸಿನ ಕೆಳಗಿನ ಪಟ್ಟಿಯನ್ನು, ಮುಂದೆ ಎಳೆದುಕೊಂಡಿರಿ. ಪೆನ್ಸಿಲ್ ಅಂಚಿನ ಮೇಲೆ ಕೂರದೆ ಪಾದಕ್ಕೆ ತಾಗಿ ಅತ್ತಿತ್ತ ಆಡಿದರೆ ಬೂಟಿನ ಆಳ ಸಾಲದು. ಅದರಲ್ಲಿ ಲೇಸ್ ಬೈಟ್ ಬಂದೇ ಬರುತ್ತದೆ. ನನ್ನ ಜೇಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್ ಇರುತ್ತದೆ, ಬರೆಯುವುದಕ್ಕಲ್ಲ.

ಬೆಳೆಯುವ ಮಗುವಿಗೆ ಎಷ್ಟು ಜಾಗ ಬಿಡಬಹುದು? ಅರ್ಧ ನಂಬರ್. ಅಷ್ಟೇ. ಕಾಲನ್ನು ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಬಿಗಿಯಾಗಿ ಹೋಗಬಹುದು. ಎರಡು ಹೋದರೆ ಡಬ್ಬಕ್ಕೆ ವಾಪಸ್ ಹಾಕಿ. ದುಡ್ಡಿನ ಚಿಂತೆ ನನಗೆ ಅರ್ಥ ಆಗುತ್ತದೆ, ಮಕ್ಕಳಿಗೆ ವರ್ಷ ವರ್ಷ ಹೊಸದು ಯಾರಿಂದ ಆಗುತ್ತದೆ. ಹಳೆಯದು ತಗೊಳ್ಳಿ. ಈ ಊರಿನಲ್ಲಿ ಮಕ್ಕಳು ಬೆಳೆದ ಮೇಲೆ ಬಿಟ್ಟ ಒಳ್ಳೆಯ ಸ್ಕೇಟ್ ಬೇಕಾದಷ್ಟು ಸಿಗುತ್ತದೆ. ಹಿಮ್ಮಡಿ ಕೂರುವ ಹಳೇ ಸ್ಕೇಟು, ಕೂರದ ಹೊಸದಕ್ಕಿಂತ ಎಷ್ಟೋ ಮೇಲು.

ಕಾಲುಚೀಲ ತೆಳುವಾಗಿರಲಿ, ಒಂದೇ ಜೊತೆ ಇರಲಿ. ಚಳಿ ಆಗುತ್ತದೆ ಅಂತ ಎರಡೆರಡು ಹಾಕುವವರಿಗೆ ಒಂದು ಸುದ್ದಿ. ನಮ್ಮ ಒಂಟಾರಿಯೋದ ಪ್ಯಾರಿ ಸೌಂಡ್‌ನಲ್ಲಿ ಹುಟ್ಟಿದ ಬಾಬಿ ಆರ್, ಅಷ್ಟು ದೊಡ್ಡ ಐಸ್ ಹಾಕಿ ಆಟಗಾರ, ಕಾಲುಚೀಲವನ್ನೇ ಹಾಕದೆ ಬರಿಗಾಲನ್ನು ಬೂಟಿಗಿಳಿಸಿ ಆಡಿದವರು. ನಿಮ್ಮ ಮಗು ಹಾಗೆ ಮಾಡಬೇಕಿಲ್ಲ. ಆದರೆ ದಪ್ಪ ಚೀಲದಿಂದ ಬೂಟು ತುಂಬಿಸುವ ಯೋಚನೆ ಬಿಡಿ. ಬಿಗಿ ಕಟ್ಟಿ ರಕ್ತ ಓಡದಿದ್ದರೆ ಚಳಿ ಜಾಸ್ತಿಯೇ ಆಗುತ್ತದೆ.

ಈಗ ಬೇಕಿಂಗ್. ಹೌದು, ಕಾಲಿನ ಆಕಾರಕ್ಕೆ ಒಗ್ಗಲಿ ಅಂತ ಬೂಟನ್ನು ಓವನ್‌ನಲ್ಲಿಟ್ಟು ಬಿಸಿ ಮಾಡುತ್ತಾರೆ. ಅಂಗಡಿಯ ಓವನ್‌ನಲ್ಲಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಬಿಸಿ, ಕೆಲವೇ ನಿಮಿಷ. ಬೂಟು ಮೆತ್ತಗಾದಾಗ ಕಾಲು ತೂರಿಸಿ, ಹಿಮ್ಮಡಿ ಹಿಂದೆ ಕೂರಿಸಿ, ಲೇಸ್ ಕಟ್ಟಿ, 15 ನಿಮಿಷ ಸುಮ್ಮನೆ ಕುರ್ಚಿಯಲ್ಲಿ ಕೂರಬೇಕು. ಎದ್ದು ನಿಲ್ಲಬಾರದು, ಓಡಾಡಬಾರದು. ಲೇಸನ್ನು ಪಕ್ಕಕ್ಕೆ ಜಗ್ಗಬಾರದು, ನೇರ ಮುಂದಕ್ಕೆ ಎಳೆಯಬೇಕು, ಇಲ್ಲದಿದ್ದರೆ ತೂತಿನ ಲೋಹದ ಬಳೆ ಕಿತ್ತು ಬರುತ್ತದೆ. ಆಮೇಲೆ 24 ಗಂಟೆ ಐಸ್ ಮೇಲೆ ಇಳಿಯಬಾರದು. ಮನೆಯಲ್ಲಿ ಕೇಕ್ ಮಾಡುವ ಓವನ್‌ನಲ್ಲಿ ಇದನ್ನು ಪ್ರಯತ್ನಿಸಬೇಡಿ. ಒಬ್ಬರು ಪ್ರಯತ್ನಿಸಿದರು, ಕರಗಿದ ಬೂಟು ತಂದು ನನ್ನ ಮೇಜಿನ ಮೇಲಿಟ್ಟು "ಏನಾದರೂ ಮಾಡಿ" ಅಂದರು. ಏನು ಮಾಡಲಿ?

ಬೇಕಿಂಗ್ ಆದಮೇಲೂ ಒಂದೇ ಜಾಗದಲ್ಲಿ, ಗಿಣ್ಣಿನ ಮೂಳೆಗೋ ಕಿರುಬೆರಳಿನ ಪಕ್ಕಕ್ಕೋ ಒತ್ತುತ್ತಿದ್ದರೆ ಅಂಗಡಿಯಲ್ಲಿ ಅಷ್ಟು ಜಾಗವನ್ನು ಹೊರಗೆ ಉಬ್ಬಿಸಿ ಕೊಡುತ್ತಾರೆ. ಅದಕ್ಕೆ ಪಂಚ್ ಮಾಡುವುದು ಅನ್ನುತ್ತಾರೆ. ಬಿಗಿ ಇರುವುದನ್ನು ಹೀಗೆ ಸ್ವಲ್ಪ ಸಡಿಲಿಸಬಹುದು. ಸಡಿಲ ಇರುವುದನ್ನು ಬಿಗಿ ಮಾಡುವ ಯಂತ್ರ ನಮ್ಮ ಅಂಗಡಿಯಲ್ಲಿಲ್ಲ.

ಲೇಸ್ ಕಟ್ಟುವಾಗ ಬೆರಳಿನ ಹತ್ತಿರ ಹಿತವಾಗಿ, ಗಿಣ್ಣು ಬಾಗುವ ಜಾಗದಲ್ಲಿ ಚೆನ್ನಾಗಿ ಬಿಗಿದು, ಮೇಲಿನ ಎರಡು ತೂತಿನಲ್ಲಿ ಮತ್ತೆ ಸ್ವಲ್ಪ ಸಡಿಲ. ನಡುವಿನ ಬಿಗಿಯೇ ಹಿಮ್ಮಡಿಯನ್ನು ಹಿಡಿದಿಡುವುದು. ಮೇಲೆ ಬಿಗಿದರೆ ಮಂಡಿ ಮುಂದೆ ಬಾಗುವುದಿಲ್ಲ.

ಸಾಣೆಯ ಬಗ್ಗೆ ಒಂದು ಗಂಟೆ ಮಾತಾಡಬಲ್ಲೆ, ಆದರೆ ಅತ್ತ ಗಾಜಿನ ಹಿಂದೆ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷ. ಹೊಸ ಸ್ಕೇಟಿಗೆ ಸಾಣೆ ಹಿಡಿಸದೆ ಐಸ್ ಮೇಲೆ ಇಳಿಸಬೇಡಿ. ಡಬ್ಬದಿಂದ ತೆಗೆದ ಬ್ಲೇಡ್ ಆಡಲು ತಯಾರಿರುವುದಿಲ್ಲ. ಬ್ಲೇಡಿನ ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ಹಳ್ಳ ಕೊರೆಯುತ್ತೇವೆ, ಅದರ ಎರಡು ಬದಿಯೇ ಎರಡು ಅಂಚು. ಅಳತೆ ಹೇಳುವುದು ಹಳ್ಳದ ಆಳದ್ದಲ್ಲ, ಅದರ ಬಾಗಿನ ತ್ರಿಜ್ಯದ್ದು; ಅದು ದೊಡ್ಡದಾದಷ್ಟೂ ಹಳ್ಳ ಕಡಿಮೆ ಆಳ. ಮಾಮೂಲಿ ಅಳತೆ ಅರ್ಧ ಇಂಚಿನದು. ಹೊಸದಾಗಿ ಕಲಿಯುವವರಿಗೆ ನಾನು 5/8 ಇಂಚಿನದನ್ನು ಕೊಡುತ್ತೇನೆ. ಹಳ್ಳದ ಆಳ ಕಡಿಮೆ, ಹಿಡಿತ ಸ್ವಲ್ಪ ಕಡಿಮೆ, ಜಾರುವುದು ಸಲೀಸು, ನಿಲ್ಲುವುದು ಕಲಿಯಲು ಸುಲಭ.

ಆಟ ಮುಗಿದ ಮೇಲೆ ಬ್ಲೇಡನ್ನು ಬಟ್ಟೆಯಿಂದ ಒರೆಸಿ, ಬಟ್ಟೆಯ ಗವಸು ಹಾಕಿಡಿ. ಪ್ಲಾಸ್ಟಿಕ್ ಗಾರ್ಡ್ ನಡೆಯಲು ಮಾತ್ರ. ಅದನ್ನೇ ಹಾಕಿ ಬ್ಯಾಗಿನಲ್ಲಿಟ್ಟರೆ ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಬೂಟಿನ ಒಳಗಿನ ಅಟ್ಟೆ ತೆಗೆದು ಒಣಗಿಸಿ. ಇಲ್ಲದಿದ್ದರೆ ಕಾರಿನಲ್ಲಿ ಬರುವ ವಾಸನೆ ನಿಮಗೇ ಗೊತ್ತು.

ಕೊನೆಯದಾಗಿ ಒಂದು ಕೋರಿಕೆ. ವಾಟ್ಸ್ಆ್ಯಪ್‌ನಲ್ಲಿ ಮಗುವಿನ ಪಾದದ ಫೋಟೋ ಕಳಿಸಿ "ಅಣ್ಣಾ, ಇದಕ್ಕೆ ಯಾವ ನಂಬರ್?" ಅಂತ ಕೇಳಬೇಡಿ. ಪೇಪರಿನ ಮೇಲೆ ಪಾದದ ಗೆರೆ ಎಳೆದುಕೊಂಡೂ ಬರಬೇಡಿ. ಕಾಲನ್ನೇ ಕರೆತನ್ನಿ. ಮಧ್ಯಾಹ್ನದ ಮೇಲೆ ತನ್ನಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಉಗುರು ಕತ್ತರಿಸಿ ತನ್ನಿ. ತೆಳು ಕಾಲುಚೀಲ ತನ್ನಿ. ಅವ್ವ ಹೆಣೆದ ಆ ದಪ್ಪ ಕಾಲುಚೀಲ ಏನಾಯಿತು ಅಂದಿರಾ? ಒಂದು ಜೊತೆ ಈಗಲೂ ಅಂಗಡಿಯಲ್ಲಿದೆ. ಸಾಣೆ ಯಂತ್ರದ ಹತ್ತಿರ ನೆಲ ತಣ್ಣಗಿರುತ್ತದೆ, ನಾನೇ ಹಾಕಿಕೊಳ್ಳುತ್ತೇನೆ. ನನ್ನ ಕಾಲಿಗೆ ಸ್ವಲ್ಪ ಬಿಗಿ.

ನಮಸ್ಕಾರ.