ಬಿಡಿಸಿದ ದಿನವೇ ಹಂಡೆಗೆ

ಕೇಳುಗರಿಗೆ ನಮಸ್ಕಾರ. ಇವತ್ತು ಒಂದು ಜಾತ್ರೆಯ ಸುದ್ದಿ ಹೇಳುತ್ತೇನೆ. ಆ ಜಾತ್ರೆಯಲ್ಲಿ ತೇರಿಲ್ಲ, ಬೆಂಡು ಬತ್ತಾಸಿಲ್ಲ, ದೇವರೂ ಇಲ್ಲ. ಇರುವುದು ಬಿಯರು. ಅಯ್ಯೋ, ರೇಡಿಯೋದಲ್ಲಿ ಇದೇನು ಕುಡಿತದ ಮಾತು ಅಂತ ಸ್ಟೇಷನ್ ಬದಲಿಸಬೇಡಿ. 2007ರಲ್ಲಿ ಸಾರಾಯಿ ಬಂದ್ ಆದಾಗ ನಮ್ಮ ಓಣಿಯ ಹೆಣ್ಣುಮಕ್ಕಳು ಎಷ್ಟು ಖುಷಿಪಟ್ಟರು ಅಂತ ಕಣ್ಣಾರೆ ಕಂಡವನು ನಾನು. ಯಾರಿಗೂ ಕುಡಿಯಿರಿ ಅಂತ ಹೇಳಲು ಬಂದಿಲ್ಲ. ಆ ಬಿಯರಿಗೆ ಹಾಕುವ ಹಾಪ್ಸ್ ಎಂಬ ಒಂದು ಹೂವಿದೆ. ನನ್ನ ತಲೆ ಕೆಡಿಸಿದ್ದು ಅದು.

ನಮ್ಮ ಅಕ್ಕನ ಮಗ ಅಮೆರಿಕದ ಸಿಯಾಟಲ್‌ನಲ್ಲಿದ್ದಾನೆ. ಹುಬ್ಬಳ್ಳಿಯಲ್ಲಿ ಓದಿದ ಹುಡುಗ. ಅವನ ಮನೆಯಲ್ಲಿ ಎರಡು ತಿಂಗಳು ಇದ್ದು ಬಂದೆ. ಮೊದಲ ವಾರ ಊರು ನೋಡಿದ್ದಾಯಿತು. ಆಮೇಲೆ ಎತ್ತರದ ಕಟ್ಟಡ ನೋಡಿ ನೋಡಿ ಬೇಜಾರು ಬಂತು. 'ಎಲ್ಲೆರೆ ಹೊಲಾ ತೋರಿಸಪಾ' ಅಂದೆ. 'ಬರ್ರಿ ಮಾಮಾ' ಅಂತ ಸೆಪ್ಟೆಂಬರಿನ ಒಂದು ಶನಿವಾರ ಯಾಕಿಮಾ ಕಣಿವೆಗೆ ಕರೆದುಕೊಂಡು ಹೋದ. ಎರಡೂವರೆ ತಾಸಿನ ದಾರಿ. ಗುಡ್ಡ ಹತ್ತುವವರೆಗೆ ದಟ್ಟ ಕಾಡು, ಇಳಿದರೆ ಒಣ ಬಯಲು. ಧಾರವಾಡ ಬಿಟ್ಟು ನವಲಗುಂದದ ಕಡೆ ಹೋದ ಹಾಗೆ, ಆದರೆ ಒಣಗು ಇನ್ನೂ ಜಾಸ್ತಿ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರ್ ಆಸುಪಾಸು. ಗದಗಿನಲ್ಲಿ ಅದರ ಮೂರು ಪಟ್ಟು ಬೀಳುತ್ತದೆ, ಆದರೂ ನಾವು ಮುಗಿಲು ನೋಡುತ್ತ ಕೂರುತ್ತೇವೆ. ಅವರಿಗೆ ಬೆಟ್ಟದ ಹಿಮ ಕರಗಿ ಕಾಲುವೆಗೆ ಬರುತ್ತದೆ.

ಆ ನೀರಿನಲ್ಲಿ ಬೆಳೆಯುವುದು ಸೇಬು, ಮತ್ತೆ ಈ ಹಾಪ್ಸ್. ಸವಣೂರಿನ ಎಲೆಬಳ್ಳಿ ತೋಟ ನೋಡಿದ್ದೀರಲ್ಲ? ಅದನ್ನೇ ಮೂರು ಆಳೆತ್ತರಕ್ಕೆ ಎಳೆದರೆ ಹೇಗೋ ಹಾಗೆ. 18 ಅಡಿಯ ಕಂಬ, ಮೇಲೆ ತಂತಿ, ತಂತಿಯಿಂದ ನೆಲಕ್ಕೆ ಹುರಿ. ಬಳ್ಳಿ ಆ ಹುರಿಯನ್ನು ಸುತ್ತಿಕೊಂಡು ಹತ್ತುತ್ತದೆ. ಹುರಿ ಮುಟ್ಟಿ ನೋಡಿದೆ. ತೆಂಗಿನ ನಾರು! ಶ್ರೀಲಂಕಾದಿಂದ ತರಿಸುತ್ತಾರಂತೆ. ಅಷ್ಟು ದೂರದಲ್ಲಿ ಪರಿಚಯದವರು ಸಿಕ್ಕಂತೆ ಆಯಿತು ನನಗೆ.

ಹಾಪ್ಸ್ ಗಾಂಜಾ ಗಿಡದ ಸೋದರ ಸಂಬಂಧಿ. ಒಂದೇ ಕುಟುಂಬ. ಗಾಬರಿ ಬೇಡ, ಗಾಂಜಾದ ಅಮಲು ಇದರಲ್ಲಿಲ್ಲ. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬೇಕಾದದ್ದು ಹೆಣ್ಣು ಬಳ್ಳಿಯ ಹೂವು. ಹೆಬ್ಬೆರಳಿನಷ್ಟು ಉದ್ದ, ತೆಳು ಹಸಿರು, ಪದರ ಪದರ. ಒಂದನ್ನು ಕಿತ್ತು ಉಗುರಿನಿಂದ ಸೀಳಿದೆ. ಪದರಗಳ ಬುಡದಲ್ಲಿ ಹಳದಿ ಪುಡಿ, ಭಂಡಾರ ಚೆಲ್ಲಿದ ಹಾಗೆ. ಮುಟ್ಟಿದರೆ ಬೆರಳಿಗೆ ಅಂಟಂಟು. ಮೂಸಿದೆ. ಕಿತ್ತಳೆ ಸಿಪ್ಪೆ ಹಿಂಡಿದಾಗ ಮೂಗಿಗೆ ಚಿಮ್ಮುತ್ತದಲ್ಲ, ಆ ವಾಸನೆ. ಅದರ ಹಿಂದೆ ಆಗ ತಾನೇ ಕೊಯ್ದ ಹುಲ್ಲು. ಸುಮ್ನೆ ಇರಬೇಕಿತ್ತು, ನಾಲಿಗೆಗೂ ತಾಗಿಸಿದೆ. ನಮ್ಮವ್ವ ಮೂಗು ಹಿಡಿದು ಕುಡಿಸುತ್ತಿದ್ದ ಬೇವಿನ ಕಷಾಯವೇ ವಾಸಿ. ಹುಡುಗ ಬಿದ್ದು ಬಿದ್ದು ನಕ್ಕ.

ಆ ಹಳದಿ ಪುಡಿಗೆ ಲುಪುಲಿನ್ ಅಂತ ಹೆಸರು. ಬಿಯರಿನ ಕಹಿ ಅದರಿಂದ, ಪರಿಮಳ ಅದರಿಂದ. ಬಿಯರು ಬೇಗ ಕೆಡದೆ ಉಳಿಯುವುದಕ್ಕೂ ಅದೇ ಕಾರಣ. ಜರ್ಮನಿಯ ಬವೇರಿಯಾದವರು 1516ರಲ್ಲಿ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದು ಅಂತ ಕಾಯಿದೆಯನ್ನೇ ಮಾಡಿದ್ದರು.

ಈಗ ತೊಂದರೆ ಏನಪ್ಪಾ ಅಂದರೆ, ಈ ಹೂವು ಬಿಡಿಸಿದಾಗ ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರು. ಚೀಲ ತುಂಬಿ ಇಟ್ಟರೆ ಬಿಸಿಯಾಗಿ ಒಂದೇ ದಿನದಲ್ಲಿ ಕೆಡಲು ಶುರು. ಹಾಗಾಗಿ ಬಿಡಿಸಿದ ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ, ನೀರಿನಂಶ ಶೇ. 10ಕ್ಕೆ ಇಳಿಯುವವರೆಗೆ. ಆಮೇಲೆ ಒತ್ತಿ ಪಿಂಡಿ ಕಟ್ಟುತ್ತಾರೆ, ಇಲ್ಲವೇ ಪುಡಿ ಮಾಡಿ ಗುಳಿಗೆ ಮಾಡುತ್ತಾರೆ. ಜಗತ್ತಿನ ಹಾಪ್ಸ್ ವ್ಯಾಪಾರವೆಲ್ಲ ಒಣಗಿದ ಮಾಲಿನದೇ. ಬ್ಯಾಡಗಿ ಪೇಟೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಹಸಿ ಮೆಣಸಿನಕಾಯಿ ಯಾರು ಕೇಳುತ್ತಾರೆ? ಕಾಯಿ ಹಿಡಿದು ಅಲುಗಿಸಿದರೆ ಒಳಗೆ ಬೀಜ ಸದ್ದು ಮಾಡಬೇಕು. ಒಣಗಿದ್ದಕ್ಕೆ ಪೇಟೆ ಇದೆ, ದರ ಇದೆ, ಲಾರಿ ಇದೆ.

ಹಸಿಯದಕ್ಕೆ ಏನಿದೆ? ಅದಕ್ಕೆ ಹಬ್ಬ ಇದೆ. ವರ್ಷಕ್ಕೊಮ್ಮೆ ಕೊಯ್ಲಿನ ಹೊತ್ತಿನಲ್ಲಿ ಬಿಯರ್ ಮಾಡುವವರು ಒಣಗಿಸುವ ಗೊಡವೆ ಬಿಟ್ಟು ಹಸಿ ಹೂವನ್ನೇ ಹಂಡೆಗೆ ಹಾಕುತ್ತಾರೆ. ಸಿಯೆರಾ ನೆವಾಡಾ ಎಂಬ ಕಂಪನಿ 1996ರಲ್ಲಿ ಹೀಗೆ ಮಾಡಿದ ಮೇಲೆ ಅಮೆರಿಕದಲ್ಲಿ ಇದು ಒಂದು ರೂಢಿಯೇ ಆಯಿತು. ಒಣ ಹಾಪ್ಸ್ ಒಂದು ಕಿಲೋ ಬೇಕಾದಲ್ಲಿ ಹಸಿಯದು ಐದಾರು ಕಿಲೋ ಸುರಿಯಬೇಕು. ನಾವು ನೋಡಿದ ತೋಟದ ಶೆಡ್ಡಿನ ಮುಂದೆ ಒಂದು ಸಣ್ಣ ಟ್ರಕ್ಕು ಎಂಜಿನ್ ಬಂದ್ ಮಾಡದೆ ನಿಂತಿತ್ತು. ಯಂತ್ರ ಬಳ್ಳಿಯಿಂದ ಹೂವು ಉದುರಿಸುತ್ತಿದ್ದಂತೆ ಇಬ್ಬರು ಚೀಲಕ್ಕೆ ತುಂಬಿ ತುಂಬಿ ಎಸೆದರು. ಡ್ರೈವರ್ ಒಂದು ಮಾತೂ ಆಡದೆ ಹೊರಟ. ಗುಡ್ಡದಾಚೆ ಯಾರೋ ನೀರು ಕಾಯಿಸಿ ಕಾದು ಕೂತಿದ್ದರಂತೆ.

ಬಿಯರ್ ಆಗಲು ಮೂರು ವಾರ ಬೇಕು. ಅದಕ್ಕೇ ಯಾಕಿಮಾದ ಹಬ್ಬ ಅಕ್ಟೋಬರಿನ ಮೊದಲ ವಾರ. 2003ರಿಂದ ನಡೆಯುತ್ತಿದೆ. ಅಲ್ಲಿಗೆ ಬರುವ ಬಿಯರಿಗೆ ಒಂದು ಶರತ್ತು: ಹೊಲದಿಂದ ಬಂದ ಹಾಪ್ಸ್ 24 ತಾಸಿನೊಳಗೆ ಹಂಡೆ ಸೇರಿರಬೇಕು. ನಾವೂ ಹೋದೆವು. ಸಂಜೆ, ಒಳ್ಳೆ ಚಳಿ. ಕೈಗೆ ಒಂದು ಪುಟ್ಟ ಗ್ಲಾಸು ಕೊಟ್ಟರು. ಕುಡಿದೆ, ಸುಳ್ಳು ಯಾಕೆ ಹೇಳಲಿ. ಕಹಿ ಇತ್ತು, ಆದರೆ ಗುಟುಕು ಇಳಿದ ಮೇಲೆ ಆ ತೋಟದ ಹುಲ್ಲಿನ ವಾಸನೆ ಮೂಗಿನಲ್ಲಿ ಉಳಿಯಿತು. ಚಳಿಗೆ ಕೋಟಿನ ಜೇಬಿಗೆ ಕೈ ಹಾಕಿದೆ. ಏನೋ ಪುಡಿಪುಡಿ ಸಿಕ್ಕಿತು. ಮೂರು ವಾರದ ಹಿಂದೆ ತೋಟದಲ್ಲಿ ಕಿತ್ತು ಮರೆತಿದ್ದ ಎರಡು ಹೂವು! ಮೂಸಿದರೆ ಹಳೇ ಚೀಸ್, ತೊಳೆಯದ ಕಾಲುಚೀಲ. ಒಂದು ಕೈಯಲ್ಲಿ ಆ ವಾಸನೆ, ಇನ್ನೊಂದು ಕೈಯಲ್ಲಿ ಈ ವಾಸನೆ. ಒಂದೇ ಹೂವು ಅಂದರೆ ನಂಬುವುದು ಕಷ್ಟ.

ಊರಿಗೆ ಬಂದು ಇದನ್ನೆಲ್ಲ ಹೇಳಿದ ಮೇಲೆ ಗೆಳೆಯರ ಮಗನೊಬ್ಬ, 'ಅಂಕಲ್, ಹುಬ್ಬಳ್ಳಿಯಲ್ಲೂ ಇಂಥದ್ದೊಂದು ಹಸಿ ಹಾಪ್ಸ್ ಹಬ್ಬ ಮಾಡೋಣ' ಅಂದ. ಮಾಡು, ಆದರೆ ಹಸಿ ಹಾಪ್ಸ್ ಎಲ್ಲಿಂದ ತರುತ್ತೀ? ಈ ಬಳ್ಳಿ ಚಳಿಗಾಲದಲ್ಲಿ ನಿದ್ದೆ ಮಾಡುವ ಜಾತಿ, ಬೇಸಿಗೆಯಲ್ಲಿ ಅದಕ್ಕೆ ಉದ್ದ ಹಗಲು ಬೇಕು. ಯಾಕಿಮಾದಲ್ಲಿ ಜೂನ್ ತಿಂಗಳ ಹಗಲು 15 ತಾಸು ದಾಟುತ್ತದೆ. ಧಾರವಾಡದಲ್ಲಿ ಎಷ್ಟೇ ಎಳೆದರೂ 13 ತಾಸು. ಗಿಡ ಮೇಲೇಳುವ ಮೊದಲೇ ಹೂ ಬಿಡುವ ಆತುರಕ್ಕೆ ಬೀಳುತ್ತದೆ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಹಾಪ್ಸ್ ಬೆಳೆದಿದ್ದಾರೆ, ಅಲ್ಲಿ ಹಿಮ ಬೀಳುತ್ತದೆ. ಅಲ್ಲಿಂದ ಹುಬ್ಬಳ್ಳಿಗೆ 24 ತಾಸಿನಲ್ಲಿ ಬರುತ್ತದಾ? ಗುಳಿಗೆ ಹಾಕಿ ಹಸಿ ಹಬ್ಬ ಅಂತ ಬೋರ್ಡು ಬರೆಸಬೇಕಾಗುತ್ತದೆ, ಅಷ್ಟೆ.

'ಹಂಗಾರ ನಮ್ಮಲ್ಲಿ ಏನೈತ್ರಿ?' ಅಂದ. ಅವನ ತಲೆಗೊಂದು ಮೊಟಕಬೇಕು ಅನ್ನಿಸಿತು. ಸೀತನಿ ತಿಂದಿಲ್ಲವೇನೋ ನೀನು?

ಕೇಳುಗರಲ್ಲಿ ಪೇಟೆಯ ಮಕ್ಕಳೂ ಇರಬಹುದು, ಅವರಿಗಾಗಿ ಹೇಳುತ್ತೇನೆ. ಸಿಹಿ ತೆನೆ ಅನ್ನುವುದೇ ಬಾಯಲ್ಲಿ ಸವೆದು ಸೀತನಿ ಆಗಿದೆ. ಅಣ್ಣಿಗೇರಿಯ ಎರೆಹೊಲದಲ್ಲಿ ನಮ್ಮ ಕಾಕಾ ಹಿಂಗಾರಿ ಜೋಳದ ನಡುವೆ ನಾಲ್ಕು ಸಾಲು ಸೀತನಿಗೆ ಅಂತಲೇ ಬಿತ್ತುತ್ತಾರೆ. ಕಾಳು ಹಾಲು ತುಂಬಿ ಇನ್ನೇನು ಗಟ್ಟಿಯಾಗಬೇಕು, ಆಗ ತೆನೆ ಮುರಿಯಬೇಕು. ನೆಲದಲ್ಲಿ ಕುಣಿ ತೋಡಿ, ಕುಳ್ಳು ಉರಿಸಿ, ಕೆಂಡವಾದ ಮೇಲೆ ತೆನೆ ಇಟ್ಟು ಹೊರಳಿಸಬೇಕು. ಸುಟ್ಟ ತೆನೆಯನ್ನು ಗೋಣಿಚೀಲದ ಮೇಲೆ ಹಾಕಿ ಬಿಸಿ ಬಿಸಿ ಇರುವಾಗಲೇ ತಿಕ್ಕಬೇಕು. ಕಾಕಿಯ ಅಂಗೈ ಅದಕ್ಕೆ ಎಷ್ಟು ಪಳಗಿದೆ ಅಂದರೆ, ನಾವು ಹಾ ಹೂ ಅಂತ ಕೈ ಕೊಡವುವಷ್ಟರಲ್ಲಿ ಅವರು ಮೊರದಲ್ಲಿ ಕೇರಿ ಹೊಟ್ಟು ಹಾರಿಸಿರುತ್ತಾರೆ. ಹಸಿರು ಕಾಳು, ಅಲ್ಲಲ್ಲಿ ಕಪ್ಪು ಮಚ್ಚೆ. ಮೇಲೆ ಶೇಂಗಾ ಚಟ್ನಿ, ಒಂದು ಚೂರು ಬೆಲ್ಲ. ಹಲ್ಲಿಗೆ ಸಿಕ್ಕರೆ ಹಾಲು ಒಡೆಯುತ್ತದೆ. ಹತ್ತು ನಿಮಿಷ ಬಿಟ್ಟರೆ ತಣ್ಣಗಾಗಿ ಜಿಗುಟು. ಎಂಟು ಹತ್ತು ದಿನ ಬಿಟ್ಟರೆ ಕಾಳಿನ ಸಕ್ಕರೆಯೆಲ್ಲ ಹಿಟ್ಟಾಗಿ ಅದು ರೊಟ್ಟಿಯ ಜೋಳ.

ಅಂದಹಾಗೆ ಆಫ್ರಿಕಾದಲ್ಲಿ ಇದೇ ಜೋಳದಿಂದ ಬಿಯರ್ ಮಾಡುತ್ತಾರೆ. ಕಾಕಾಗೆ ಇದನ್ನು ಹೇಳಿದಾಗ ನನ್ನ ಮುಖವನ್ನೇ ನೋಡಿದರು. 'ರೊಟ್ಟಿಗೇ ಸಾಲವಲ್ದು' ಅಂದರು.

ಅಕ್ಕನ ಮಗನಿಗೆ ಸೀತನಿ ಫೋಟೋ ಕಳಿಸಿದ್ದೆ. 'ಮಾಮಾ, ಒಂದು ಡಬ್ಬಿ ಕೊರಿಯರ್ ಮಾಡ್ರಿ' ಅಂತ ಬರೆದ. ಯಾಕಿಮಾ ನೋಡಿದ ಹುಡುಗ ಕೇಳುವ ಮಾತೇ ಇದು? ಬೈದೆ. ರಜೆ ಹಾಕಿ ಟಿಕೆಟ್ ತೆಗೆಸಿದ್ದಾನೆ, ಎಳ್ಳ ಅಮಾವಾಸ್ಯೆ ಆದ ವಾರಕ್ಕೆ ಬರುತ್ತಾನೆ. ನಿನ್ನೆ ರಾತ್ರಿ ಅಣ್ಣಿಗೇರಿಯಿಂದ ಕಾಕಾ ಫೋನ್ ಮಾಡಿದ್ದರು. 'ತಮ್ಮಾ, ಈ ಸಲ ತೆನಿ ಲಗೂನ ಬಲಿಯಾಕ ಹತ್ತ್ಯಾವು. ಆ ಹುಡುಗಗ ಇಮಾನ ಬದಲಿ ಮಾಡಾಕ ಬರತದೇನ ಕೇಳು.'

ನಮಸ್ಕಾರ.