ಆರು ಸ್ಕೂಲು, ಒಂದು ಫಾರ್ಮ್: ಲಂಡನ್ನಿನಲ್ಲಿ ಮಗಳ ಸೆಕೆಂಡರಿ ಅರ್ಜಿ

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡುತ್ತಿರುವುದು ಒಂದು ಸೆಕೆಂಡರಿ ಸ್ಕೂಲಿನ ಓಪನ್ ಈವನಿಂಗ್, ಅಂದರೆ ಅಪ್ಪ ಅಮ್ಮ ಮಕ್ಕಳು ಬಂದು ಸ್ಕೂಲು ನೋಡುವ ಸಂಜೆ. ಮಕ್ಕಳ ಮುಖ ಬರಬಾರದು ಅಂತ ಗೇಟು, ಗೋಡೆ, ಕಾರಿಡಾರ್ ಮಾತ್ರ ಶೂಟ್ ಮಾಡಿದ್ದೇನೆ. ಹೊರಗೆ ರಸ್ತೆ ತುಂಬಾ ಅಪ್ಪ ಅಮ್ಮಂದಿರು ನಿಂತಿದ್ದಾರೆ. ನಾವಿರುವುದು ಪಶ್ಚಿಮ ಲಂಡನ್ನಿನ ಹೌನ್ಸ್ಲೋದಲ್ಲಿ. ಮಗಳು ಈಗ ಇಯರ್ ಸಿಕ್ಸ್, ಪ್ರೈಮರಿಯ ಕೊನೆಯ ವರ್ಷ. ಬರುವ ಸೆಪ್ಟೆಂಬರಿಗೆ ಅವಳು ಇಯರ್ ಸೆವೆನ್, ಅಂದರೆ ಹೊಸ ಸ್ಕೂಲು. ಇಂಗ್ಲೆಂಡಿನಲ್ಲಿ ಪ್ರೈಮರಿ ಮುಗಿಸಿದ ಮಾತ್ರಕ್ಕೆ ಸೆಕೆಂಡರಿ ಸೀಟು ತಾನಾಗಿ ಸಿಗುವುದಿಲ್ಲ. ಸ್ಕೂಲು ಮನೆ ಎದುರಿಗೇ ಇದ್ದರೂ ಅರ್ಜಿ ಹಾಕಲೇಬೇಕು. ಕೊನೆಯ ದಿನ ಅಕ್ಟೋಬರ್ 31.

ಊರಿಂದ ಅಮ್ಮ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಡೊನೇಶನ್ ಎಷ್ಟಂತೆ?" ಬೆಂಗಳೂರಿನಲ್ಲಿ ಮಕ್ಕಳಿಗೆ ಸೀಟು ಹುಡುಕಿದವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ. ಇಲ್ಲಿನ ಸರ್ಕಾರಿ ಸ್ಕೂಲಿಗೆ ಫೀಸು ಇಲ್ಲ. ಅಡ್ಮಿಷನ್‌ಗಾಗಿ ದುಡ್ಡು ಕೇಳುವ ಹಾಗೂ ಇಲ್ಲ. ಅಪ್ಪ ಅಮ್ಮನನ್ನೋ ಮಗುವನ್ನೋ ಕೂರಿಸಿಕೊಂಡು ಇಂಟರ್‌ವ್ಯೂ ಮಾಡುವ ಹಾಗೂ ಇಲ್ಲ, ಬೋರ್ಡಿಂಗ್ ಸ್ಕೂಲುಗಳದ್ದು ಮಾತ್ರ ಬೇರೆ. ವರ್ಕ್ ವೀಸಾದಲ್ಲಿ ಬಂದ ನಮ್ಮವರು ಇನ್ನೊಂದು ವಿಷಯಕ್ಕೆ ಹೆದರುತ್ತಾರೆ. ವೀಸಾದಲ್ಲಿ "ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್", ಅಂದರೆ ಸರ್ಕಾರದ ಸಹಾಯಧನ ಪಡೆಯುವ ಹಾಗಿಲ್ಲ ಅಂತ ಬರೆದಿದೆಯಲ್ಲ, ಮಗುವನ್ನು ಸರ್ಕಾರಿ ಸ್ಕೂಲಿಗೆ ಕಳಿಸಬಹುದಾ ಅಂತ. ಧೈರ್ಯವಾಗಿ ಕಳಿಸಿ. ಸ್ಕೂಲು ಆ ಲೆಕ್ಕಕ್ಕೆ ಬರುವುದಿಲ್ಲ.

ಇವತ್ತಿನ ವಿಡಿಯೋ ಮಾಡಲು ನಿಜವಾದ ಕಾರಣ ಬೇರೆ. ಲಂಡನ್ನಿನಲ್ಲಿ ಒಂದೇ ಫಾರ್ಮ್‌ನಲ್ಲಿ ಆರು ಸ್ಕೂಲಿನ ಹೆಸರು ಬರೆಯಬಹುದು. ಸ್ಕೂಲು ಬೇರೆ ಕೌನ್ಸಿಲ್ ಪ್ರದೇಶದಲ್ಲಿದ್ದರೂ ಅರ್ಜಿ ಹೋಗುವುದು ನಾವು ವಾಸವಾಗಿರುವ ಕಡೆಯ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತದ ಮೂಲಕವೇ. ಈ ಆರು ಹೆಸರುಗಳ ಕ್ರಮದ ಬಗ್ಗೆ ವಾಟ್ಸಾಪ್ ಗ್ರೂಪುಗಳಲ್ಲಿ ಏನೇನೋ ಓಡಾಡುತ್ತದೆ. "ಮೊದಲನೇ ಜಾಗದಲ್ಲಿ ಹಾಕದಿದ್ದರೆ ಆ ಸ್ಕೂಲಿನವರು ನಿಮ್ಮನ್ನು ನೋಡೋದೇ ಇಲ್ಲ." "ಸಿಗೋದು ಕಷ್ಟ ಅನ್ನಿಸಿದ್ದನ್ನು ಮೇಲೆ ಹಾಕಬೇಡಿ, ಸುಮ್ನೆ ಜಾಗ ವೇಸ್ಟು." ಹೀಗೆ ಹೆದರಿಸಿದ್ದಕ್ಕೆ ಎಷ್ಟೋ ಜನ ಮಗುವಿಗೆ ಇಷ್ಟವಾದ ಸ್ಕೂಲನ್ನು ಕೆಳಗೆ ತಳ್ಳುತ್ತಾರೆ. ನನಗೆ ಇದು ನಿಜವಾಗಿಯೂ ಸಂಕಟದ ವಿಷಯ.

ನಡೆಯುವುದು ಹೀಗೆ. ಕೌನ್ಸಿಲ್ ನಿಮ್ಮ ಹೆಸರನ್ನು ಆರೂ ಸ್ಕೂಲುಗಳಿಗೆ ಕಳಿಸುತ್ತದೆ. ನೀವು ಎಷ್ಟನೇ ಜಾಗ ಕೊಟ್ಟಿದ್ದೀರಿ ಅನ್ನುವುದು ಸ್ಕೂಲಿಗೆ ಗೊತ್ತಾಗುವುದಿಲ್ಲ. ಪ್ರತಿ ಸ್ಕೂಲೂ ತನ್ನ ನಿಯಮದ ಪ್ರಕಾರ ಬಂದ ಅರ್ಜಿಗಳನ್ನು ಸಾಲಾಗಿ ಜೋಡಿಸಿ ವಾಪಸ್ ಕಳಿಸುತ್ತದೆ. ನಿಮ್ಮ ಮಗುವಿಗೆ ಮೂರು ಸ್ಕೂಲುಗಳಲ್ಲಿ ಜಾಗ ಬರುವಂತಿದೆ ಅಂದುಕೊಳ್ಳಿ. ನಿಮ್ಮ ಕ್ರಮ ಲೆಕ್ಕಕ್ಕೆ ಬರುವುದು ಆಗ ಮಾತ್ರ. ಆ ಮೂರರಲ್ಲಿ ನೀವು ಯಾವುದನ್ನು ಮೇಲೆ ಬರೆದಿದ್ದೀರೋ ಅದು ಸಿಗುತ್ತದೆ, ಉಳಿದೆರಡು ಜಾಗ ಬೇರೆ ಮಕ್ಕಳಿಗೆ ಹೋಗುತ್ತದೆ. ಹಿಂದೆ ಕೆಲವು ಸ್ಕೂಲುಗಳು "ನಮ್ಮನ್ನು ಮೊದಲು ಬರೆದವರಿಗೇ ಮೊದಲ ಅವಕಾಶ" ಅನ್ನುತ್ತಿದ್ದದ್ದು ನಿಜ. 2007ರ ಅಡ್ಮಿಷನ್ಸ್ ಕೋಡ್, ಅಂದರೆ ಸೀಟು ಹಂಚುವ ಬಗ್ಗೆ ಸರ್ಕಾರದ ನಿಯಮಾವಳಿ, ಅದನ್ನು ನಿಲ್ಲಿಸಿತು. ಆದರೂ ಆ ಹಳೆಯ ಭಯ ಒಬ್ಬರಿಂದ ಒಬ್ಬರಿಗೆ ದಾಟುತ್ತಲೇ ಇದೆ. ಹಾಗಾಗಿ ನಿಮಗೆ, ನಿಮ್ಮ ಮಗುವಿಗೆ ಯಾವುದು ತುಂಬಾ ಇಷ್ಟವೋ ಅದನ್ನೇ ಮೇಲೆ ಬರೆಯಿರಿ. ಸಿಗದಿದ್ದರೆ ಎರಡನೆಯದಕ್ಕೆ ಅದರಿಂದ ಒಂದಿಷ್ಟೂ ನಷ್ಟವಿಲ್ಲ.

ಆದರೆ ಆರರಲ್ಲಿ ಒಂದಾದರೂ ಸಿಕ್ಕೇ ಸಿಗುವಂಥದ್ದು ಇರಲಿ. ಬರೆದ ಯಾವ ಸ್ಕೂಲೂ ಸಿಗದಿದ್ದರೆ ಕೌನ್ಸಿಲ್ ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿಗೆ ಹಾಕುತ್ತದೆ, ಅದು ಮನೆಯಿಂದ ದೂರವೇ ಇರಬಹುದು. ಸಿಗುವಂಥದ್ದನ್ನು ಕಂಡುಹಿಡಿಯುವುದು ಹೇಗೆ? ಕೌನ್ಸಿಲ್‌ನ ಅಡ್ಮಿಷನ್ ಪುಸ್ತಕ ತೆಗೆಯಿರಿ. ಅರ್ಜಿ ಜಾಸ್ತಿ ಬಂದಾಗ ಯಾರಿಗೆ ಮೊದಲು ಅನ್ನುವುದು ಅದರಲ್ಲಿರುತ್ತದೆ. ಕೌನ್ಸಿಲ್ ಆರೈಕೆಯಲ್ಲಿರುವ ಮಕ್ಕಳು ಮೊದಲು, ಅದು ಹಾಗೇ ಇರಬೇಕು. ಆಮೇಲೆ ಸಾಮಾನ್ಯವಾಗಿ ಅಣ್ಣ ಅಕ್ಕ ಅಲ್ಲೇ ಓದುತ್ತಿರುವವರು, ಕೊನೆಗೆ ಮನೆಯ ದೂರ. ಹೋದ ವರ್ಷ ಎಷ್ಟು ದೂರದ ಮಗುವಿನ ತನಕ ಸೀಟು ಸಿಕ್ಕಿತು ಅನ್ನುವ ಅಂಕಿಯನ್ನೂ ಎಷ್ಟೋ ಕೌನ್ಸಿಲ್‌ಗಳು ಕೊಡುತ್ತವೆ. ದೂರವನ್ನು ಹೆಚ್ಚಿನ ಕಡೆ ಮ್ಯಾಪಿನ ಮೇಲೆ ನೇರ ಗೆರೆ ಎಳೆದು ಅಳೆಯುತ್ತಾರೆ, ಬಸ್ಸಿನ ದಾರಿಯಲ್ಲ. ಹೋದ ವರ್ಷದ ಆ ದೂರದ ಒಳಗೆ ಆರಾಮಾಗಿ ಬರುವ ಒಂದು ಸ್ಕೂಲು ನಿಮ್ಮ ಪಟ್ಟಿಯಲ್ಲಿರಬೇಕು. ಚರ್ಚ್ ಸ್ಕೂಲುಗಳು ಇನ್ನೊಂದು ಪ್ರತ್ಯೇಕ ಫಾರ್ಮ್ ಕೇಳಬಹುದು, ಅದನ್ನು ನೇರವಾಗಿ ಸ್ಕೂಲಿಗೇ ಕೊಡಬೇಕು.

ಗ್ರಾಮರ್ ಸ್ಕೂಲು, ಅಂದರೆ ಪ್ರವೇಶ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸುವ ಸರ್ಕಾರಿ ಸ್ಕೂಲಿನ ಬಗ್ಗೆ ಕೇಳಿದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಇಡೀ ಇಂಗ್ಲೆಂಡಿನಲ್ಲಿ ಅವು 163 ಮಾತ್ರ. ನಮ್ಮ ಕಡೆಯವರು ಸ್ಲೌ, ಕಿಂಗ್‌ಸ್ಟನ್, ಸಟನ್ ಕಡೆ ಪ್ರಯತ್ನಿಸುತ್ತಾರೆ. ಇಲೆವೆನ್ ಪ್ಲಸ್ ಅನ್ನುವ ಆ ಪರೀಕ್ಷೆಗೆ ಹೆಸರು ಕೊಡುವುದು ಇಯರ್ ಸಿಕ್ಸ್ ಶುರುವಾಗುವ ಮೊದಲೇ ಮುಗಿದಿರುತ್ತದೆ. ಪಾಸಾದರೂ ಅಕ್ಟೋಬರ್ ಫಾರ್ಮ್‌ನಲ್ಲಿ ಹೆಸರು ಬರೆಯದಿದ್ದರೆ ಸೀಟಿಲ್ಲ. ನಾವು ಅದಕ್ಕೆ ಹೋಗಲಿಲ್ಲ. ಹತ್ತು ವರ್ಷದ ಮಗುವಿನ ಎರಡು ಬೇಸಿಗೆ ರಜೆಯನ್ನು ಟ್ಯೂಷನ್ನಿಗೆ ಕೊಡುವುದು ನಮಗೆ ಸರಿ ಕಾಣಲಿಲ್ಲ.

ಈ ಬಸ್ ಕ್ಲಿಪ್ ನೋಡಿ. ಬೆಳಿಗ್ಗೆ ಎಂಟು ಗಂಟೆ. ಮ್ಯಾಪು ಹೇಳುವ ಸಮಯವನ್ನು ನಂಬದೆ, ಸ್ಕೂಲು ನಡೆಯುವ ದಿನವೇ ಹೊರಟೆವು. ಎರಡು ಬಸ್ಸು ತುಂಬಿಕೊಂಡು ನಿಲ್ಲಿಸದೇ ಹೋದವು. 11 ರಿಂದ 15 ವರ್ಷದವರಿಗೆ ಜಿಪ್ ಕಾರ್ಡ್ ಇದ್ದರೆ ಲಂಡನ್ ಬಸ್ಸು ಫ್ರೀ, ಆದರೆ ಮಳೆಯಲ್ಲಿ ಕಾಯುವುದು ಮಗುವೇ ಅಲ್ವಾ? ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಇಷ್ಟು ದಿನ ಕೈ ಹಿಡಿದು ಕರೆದುಕೊಂಡು ಹೋದವಳು ಇನ್ನು ಒಬ್ಬಳೇ ಬರಬೇಕು. ಸ್ಕೂಲುಗಳನ್ನು ತಪಾಸಣೆ ಮಾಡುವ ಆಫ್‌ಸ್ಟೆಡ್ ಸಂಸ್ಥೆಯ ವರದಿಗಿಂತ ಈ ದಾರಿಯನ್ನೇ ನಾನು ಜಾಸ್ತಿ ಯೋಚಿಸಿದ್ದು. ಓಪನ್ ಈವನಿಂಗ್‌ನಲ್ಲಿ ಹೆಡ್ ಟೀಚರ್ ಭಾಷಣ ಎಲ್ಲಾ ಕಡೆ ಚೆನ್ನಾಗಿಯೇ ಇರುತ್ತದೆ. ಸುತ್ತು ಹಾಕಿಸುವ ಮಕ್ಕಳನ್ನು ಮಾತಾಡಿಸಿ. "ಊಟದ ಸಾಲು ಎಷ್ಟು ಉದ್ದ? ಯಾರಾದರೂ ತೊಂದರೆ ಕೊಟ್ಟರೆ ಯಾರಿಗೆ ಹೇಳ್ತೀರಿ?" ಒಂದು ಸ್ಕೂಲಿನಲ್ಲಿ ಒಬ್ಬ ಹುಡುಗಿ ತಡವರಿಸದೆ ತನ್ನ ಟೀಚರ್ ಹೆಸರು ಹೇಳಿದಳು. ಮಗಳು ನನ್ನ ಕಡೆ ತಿರುಗಿ ನೋಡಿದಳು. ನಮ್ಮ ಪಟ್ಟಿಯಲ್ಲಿ ಆ ಸ್ಕೂಲೇ ಮೊದಲು.

ಫಾರ್ಮ್ ಕಳಿಸಿಯಾಯಿತು. ಕಳಿಸಿದ ಮೇಲೆ ಬರುವ ಇಮೇಲ್, ಅದರಲ್ಲಿರುವ ನಂಬರ್ ಎರಡನ್ನೂ ಇಟ್ಟುಕೊಳ್ಳಿ. ಉತ್ತರ ಬರುವುದು ಮಾರ್ಚ್ 1ಕ್ಕೆ. ಮೊದಲನೆಯದು ಸಿಗದಿದ್ದರೂ ಸಿಕ್ಕಿದ್ದನ್ನು ಒಪ್ಪಿಕೊಳ್ಳಿ. ಒಪ್ಪಿಕೊಂಡರೆ ಮೇಲಿನ ಸ್ಕೂಲಿನ ವೇಟಿಂಗ್ ಲಿಸ್ಟ್ ಕೈ ತಪ್ಪುವುದಿಲ್ಲ, ಅಪೀಲ್ ಹಾಕುವ ಹಕ್ಕೂ ಹೋಗುವುದಿಲ್ಲ. ವೇಟಿಂಗ್ ಲಿಸ್ಟ್ ನಡೆಯುವುದೂ ಅದೇ ನಿಯಮದ ಮೇಲೆ, ಯಾರು ಮೊದಲು ಬಂದರು ಅನ್ನುವುದರ ಮೇಲಲ್ಲ. ಡಿಸೆಂಬರ್ 31ರ ತನಕವಾದರೂ ಅದನ್ನು ಇಟ್ಟಿರಲೇಬೇಕು. ಮಾರ್ಚಿನಿಂದ ಸೆಪ್ಟೆಂಬರ್ ಒಳಗೆ ಎಷ್ಟೋ ಮನೆಯವರು ಊರು ಬದಲಿಸುತ್ತಾರೆ, ಕೆಲವರು ಪ್ರೈವೇಟಿಗೆ ಹೋಗುತ್ತಾರೆ, ಸೀಟುಗಳು ಖಾಲಿಯಾಗುತ್ತವೆ. ಸ್ಕಾಟ್ಲೆಂಡಿನಲ್ಲಿರುವ ಕನ್ನಡಿಗರೇ, ನಿಮ್ಮ ಪದ್ಧತಿ ಬೇರೆ, ನಿಮ್ಮ ಕೌನ್ಸಿಲನ್ನೇ ಕೇಳಿ. ಇಂಗ್ಲೆಂಡಿನಲ್ಲಿರುವವರು ಯಾರಾದರೂ ಇನ್ನೂ ಫಾರ್ಮ್ ತುಂಬದಿದ್ದರೆ ಈ ವಾರವೇ ತುಂಬಿ. ತಡವಾಗಿ ಬಂದ ಅರ್ಜಿಯನ್ನು ತೆಗೆದು ನೋಡುವುದು ಸಮಯಕ್ಕೆ ಕೊಟ್ಟವರದ್ದೆಲ್ಲ ಮುಗಿದ ಮೇಲೆ.