ನಿದ್ದೆಗೆ ಅಂತ ಬರೆದದ್ದಲ್ಲ ಇದು

ನಮಸ್ಕಾರ. ಯೂಟ್ಯೂಬ್‌ನಲ್ಲಿ ನಿದ್ದೆ ಬರಿಸೋ ಪಿಯಾನೊ ಸಂಗೀತ ಹುಡುಕಿದರೆ, ಮಳೆ ಸದ್ದಿನ ಜೊತೆ ಫ್ರೆಂಚ್ ಸಂಗೀತ ರಚನೆಕಾರ ಎರಿಕ್ ಸಾಟಿಯ ಪಿಯಾನೊ ಕೃತಿ, ಮೊದಲನೇ ಜಿಮ್ನೊಪೆಡಿ ಎದುರಾಗುತ್ತೆ. ಪ್ರತಿ ಸಲ ನನಗೆ ಸಂಕಟ ಆಗುತ್ತೆ.

1888ರಲ್ಲಿ ಸಾಟಿ ಇದನ್ನ ಬರೆದಾಗ ವಯಸ್ಸು 22ರ ಆಸುಪಾಸು. ಪುಟದ ನೆತ್ತಿಯಲ್ಲಿ ನುಡಿಸುವವರಿಗೆ ಒಂದೇ ಸೂಚನೆ: ನಿಧಾನವಾಗಿ, ನೋವಿನಿಂದ. ನಿಧಾನ ಅನ್ನೋದನ್ನ ಎಲ್ಲರೂ ಪಾಲಿಸ್ತಾರೆ. ನೋವನ್ನ ಅಲ್ಲೇ ಬಿಟ್ಟು ಬರ್ತಾರೆ.

ಎಡಗೈಯನ್ನೇ ಕೇಳಿ. ಮೂರೆಣಿಕೆಯ ಲಯ. ಒಂದಕ್ಕೆ ತಗ್ಗಿನ ಸ್ವರ, ಎರಡಕ್ಕೆ ಕಾರ್ಡ್ (ಒಟ್ಟಿಗೆ ಒತ್ತೋ ಕೆಲವು ಸ್ವರಗಳು), ಮೂರಕ್ಕೆ ಹೊಸದೇನೂ ಇಲ್ಲ, ನಾದ ಹಾಗೇ ನಿಂತಿರುತ್ತೆ. ತಗ್ಗಿನ ಸ್ವರ, ಪಾಶ್ಚಾತ್ಯ ಹೆಸರಲ್ಲಿ ಹೇಳೋದಾದರೆ, ಒಂದು ಸಲ ಜಿ, ಒಂದು ಸಲ ಡಿ. ತಂಬೂರಿ ಶ್ರುತಿಗೆ ಪಳಗಿದ ಕಿವಿಗೆ ಇಲ್ಲೇ ತಳಮಳ: ಷಡ್ಜ ಯಾವುದು? ಡಿ ಅಂತ ಇಟ್ಟುಕೊಳ್ಳಿ. ನಾಲ್ಕು ಬಾರ್ (ಮೂರೆಣಿಕೆಯ ಒಂದು ಸುತ್ತು ಅಂದರೆ ಒಂದು ಬಾರ್) ಕಳೆದ ಮೇಲೆ ಬಲಗೈ ಗಾಂಧಾರ ಹಿಡಿದು ಒಳಗೆ ಬರುತ್ತೆ. ಗ ಪ, ಮ ಗ ನಿ, ದ ನಿ ಸ, ಪ. ಅಲ್ಲಿಂದ ಕೆಳಗಿನ ಗಾಂಧಾರಕ್ಕೆ ಇಳಿದು ನಿಂತುಬಿಡುತ್ತೆ. ಶಂಕರಾಭರಣದ್ದೇ ಸ್ವರಗಳು. ಗಮಕಕ್ಕೆ ಎಡೆಯೇ ಇಲ್ಲ. ಆ ಗಾಂಧಾರ ಕ್ಷೀಣಿಸ್ತಾ ಹೋಗೋದನ್ನ ಸುಮ್ಮನೆ ಕೇಳ್ತಾ ಕೂರಬೇಕು.

ಒಟ್ಟು 78 ಬಾರ್. 39ನೇದಕ್ಕೆ ಡಿ ಮೇಜರ್ ಕಾರ್ಡ್‌ನಲ್ಲಿ, ಅಂತರ ಗಾಂಧಾರದ, ಅಂದರೆ ಎತ್ತರದ ಗಾಂಧಾರದ ಬೆಳಕಿನಲ್ಲಿ, ಒಂದು ನಿಲುಗಡೆ. ಆಮೇಲೆ ಮೊದಲಿಂದ ಅದೇ ದಾರಿ. ದಾರಿ ಗೊತ್ತಿದೆ ಅಂತ ನಾವು ಮೈಮರೆತಿರ್ತೀವಿ. ಕಡೆಗೆ ಬಂದಾಗ ಗಾಂಧಾರ ಅರ್ಧ ಮೆಟ್ಟಿಲು ಕುಸಿದಿರುತ್ತೆ. ಸಾಧಾರಣ ಗಾಂಧಾರ, ಡಿ ಮೈನರ್ ಕಾರ್ಡ್, ಮುಗೀತು. ಅಷ್ಟು ಹೊತ್ತಿಗೆ ನಿದ್ದೆ ಹೋದವರಿಗೆ ಇದು ಕೇಳಿಸೋದೇ ಇಲ್ಲ.

‘ಹಿನ್ನೆಲೆಯಲ್ಲಿ ಸುಮ್ಮನೆ ಬಿದ್ದಿರೋ ಸಂಗೀತ ಬೇಕು ಅಂದವನು ಸಾಟಿಯೇ ಅಲ್ವಾ’ ಅಂತ ನೀವು ಕೇಳಬಹುದು. ನಿಜ. ಮೇಜು ಕುರ್ಚಿಯ ಹಾಗೆ ಕೋಣೆಯಲ್ಲಿ ಇರೋ ಸಂಗೀತ ಅಂತ 1920ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಯೋಗ ಮಾಡಿದ. ಆದರೆ ಅದು 32 ವರ್ಷ ಆದಮೇಲಿನ ಮಾತು, ಅದಕ್ಕೆ ಬೇರೆಯೇ ತುಣುಕುಗಳನ್ನ ಬರೆದಿದ್ದ. ಆ ವಿಚಾರವನ್ನ ಹಿಂದಕ್ಕೆ ಎಳೆದು ಜಿಮ್ನೊಪೆಡಿಗೆ ಹೊದಿಸೋದು ಅನ್ಯಾಯ.

ನುಡಿಸುವವರ ಮೇಲೂ ನನ್ನ ತಕರಾರಿದೆ. ಸಾಲು ಸಾಲಿಗೂ ಎಳೆದು, ತಡೆದು, ಭಾವ ಬಳಿದು ನುಡಿಸ್ತಾರೆ. ಬೇಡ. ಎಡಗೈಯ ನಡಿಗೆ ಕದಲದೆ ಇದ್ದರೆ ಮಾತ್ರ ಆ ಕೊನೆಯ ಕುಸಿತ ಎದೆಗೆ ತಾಗುತ್ತೆ. ಮತ್ತೆ ಈ ಕೃತಿ ಬೆರಳಿಗೆ ಸುಲಭ, ಕಲಿಯೋರಿಗೂ ಕೈಗೆಟುಕುತ್ತೆ. ಅದಕ್ಕೇ ಇದನ್ನ ಹಗುರವಾಗಿ ತಗೊಂಡುಬಿಡ್ತಾರೆ ಅನ್ಸುತ್ತೆ.

ಮೂರು ಮೂರೂವರೆ ನಿಮಿಷದ ಮಾತು ಅಷ್ಟೇ. ಇವತ್ತು ಮಳೆ ಸದ್ದಿಲ್ಲದ ಒಂದು ಧ್ವನಿಮುದ್ರಣ ಹಾಕ್ಕೊಳ್ಳಿ. ಫೋನ್ ಆಚೆ ಇಡಿ. ಮಲಗಿಕೊಂಡಲ್ಲ, ಕೂತು ಕೇಳಿ. ಮೊದಲ ನಿಲುಗಡೆಯ ಗಾಂಧಾರವನ್ನ ಬಾಯಲ್ಲಿ ಮೆಲ್ಲಗೆ ಗುನುಗಿ ಹಿಡಿದಿಟ್ಟುಕೊಳ್ಳಿ. ಎರಡನೇದು ಬಂದಾಗ ನಿಮ್ಮ ಗಂಟಲಲ್ಲಿರೋ ಸ್ವರ ಪಿಯಾನೊ ಜೊತೆ ಕೂಡಲ್ಲ.